ಓದುಗರ ಪ್ರಶ್ನೆ, ನಮ್ಮ ಉತ್ತರ: ನಿರುದ್ಯೋಗ ಎಂದರೆ ಯಾವ ನಿರುದ್ಯೋಗ?

ನಿರುದ್ಯೋಗದ ಬಗೆಗಳು ಮತ್ತು ಕಾರಣಗಳ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ. ಹಲವರು ಮನೆಯ ಕಷ್ಟವನ್ನು ಬಿಚ್ಚಿ ಬರೆದಿರುವುದರಿಂದ ಹೆಸರು ಕೈಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ದೇಶದ ನಿರುದ್ಯೋಗ ದರ ಶೇ 3.2 ಎಂದು ಪಾಠ ಮಾಡಿದರೆ ಮಕ್ಕಳು ನಂಬುವುದಿಲ್ಲ. ‘ನಮ್ಮ ಓಣಿಯಲ್ಲೇ ಹತ್ತು ಮಂದಿ ಖಾಲಿ ಕೂತಾರ್ರೀ ಮೇಡಂ’ ಎನ್ನುತ್ತಾರೆ. ಅವರಿಗೆ ಏನೆಂದು ಉತ್ತರಿಸಲಿ? (ಉಪನ್ಯಾಸಕಿ, ಹಾವೇರಿ)

ಉತ್ತರ: ಮಕ್ಕಳು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದಾರೆ, ಆ ಅಂಕಿಯೂ ಕಟ್ಟುಕತೆಯಲ್ಲ. ಎರಡೂ ಏಕಕಾಲಕ್ಕೆ ನಿಜವಾಗುವುದು ಹೇಗೆ ಎಂದು ವಿವರಿಸಿದರೆ ನಿಮ್ಮ ಅರ್ಧ ಪಾಠ ಮುಗಿದಂತೆಯೇ. ಶೇ 3.2 ಎಂಬುದು 2023ರ ಜುಲೈಯಿಂದ 2024ರ ಜೂನ್‌ವರೆಗಿನ ಅವಧಿಗೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ನಿಯತಕಾಲಿಕ ಶ್ರಮಬಲ ಸಮೀಕ್ಷೆಯ, ಅಂದರೆ ಪತ್ರಿಕೆಗಳಲ್ಲಿ ಪಿಎಲ್‌ಎಫ್‌ಎಸ್ ಎಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವ ಸಮೀಕ್ಷೆಯ ಅಂಕಿ. ಈ ಲೆಕ್ಕದಲ್ಲಿ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಪೈಕಿ ಕೆಲಸ ಮಾಡುತ್ತಿರುವವರನ್ನೂ ಕೆಲಸ ಬಯಸುತ್ತಿರುವವರನ್ನೂ ಸೇರಿಸಿ ಶ್ರಮಬಲ ಎನ್ನುತ್ತಾರೆ. ಆ ಶ್ರಮಬಲದಲ್ಲಿ ಕೆಲಸ ಸಿಗದವರ ಪಾಲು ನಿರುದ್ಯೋಗ ದರ. ಓದುತ್ತಿರುವವರು, ಮನೆವಾರ್ತೆ ನೋಡಿಕೊಳ್ಳುವವರು, ಹುಡುಕಿ ಹುಡುಕಿ ಬೇಸತ್ತು ಕೈಬಿಟ್ಟವರು ಇದರ ಹೊರಗೆ ಉಳಿಯುತ್ತಾರೆ.

ಇನ್ನೊಂದು ಸಂಗತಿ ‘ಕೆಲಸ’ವನ್ನು ಎಣಿಸುವ ಕ್ರಮಕ್ಕೆ ಸಂಬಂಧಿಸಿದ್ದು. ಶೇ 3.2 ಎಂಬ ದರ ‘ಸಾಮಾನ್ಯ ಸ್ಥಿತಿ’ ಎಂಬ ಅಳತೆಯಿಂದ ಬಂದಿದೆ. ಅದರಲ್ಲಿ ಹಿಂದಿನ 365 ದಿನಗಳನ್ನು ನೋಡುತ್ತಾರೆ. ವರ್ಷದ ಬಹುಭಾಗ ಕೆಲಸವಿಲ್ಲದೆ ಕಳೆದವನೂ ಒಟ್ಟು 30 ದಿನಗಳಿಗೆ ಕಡಿಮೆಯಿಲ್ಲದಷ್ಟು ಕಾಲ ಯಾವುದಾದರೂ ದುಡಿಮೆ ಮಾಡಿದ್ದರೆ ಉದ್ಯೋಗಸ್ಥನ ಸಾಲಿಗೆ ಸೇರುತ್ತಾನೆ. ನಿಮ್ಮ ಜಿಲ್ಲೆಯದೇ ಉದಾಹರಣೆ ಕೊಡಿ: ಮೆಣಸಿನಕಾಯಿ ಆವಕದ ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಎರಡು ತಿಂಗಳು ಹಮಾಲಿ ಮಾಡಿ, ಉಳಿದ ಹತ್ತು ತಿಂಗಳು ಕೆಲಸಕ್ಕಾಗಿ ಅಲೆದ ಯುವಕ ಈ ಲೆಕ್ಕದಲ್ಲಿ ನಿರುದ್ಯೋಗಿಯಲ್ಲ. ‘ಪ್ರಚಲಿತ ವಾರದ ಸ್ಥಿತಿ’ ಎಂಬ ಇನ್ನೊಂದು ಅಳತೆಯಲ್ಲಿ ಹಿಂದಿನ ಏಳು ದಿನಗಳನ್ನಷ್ಟೇ ನೋಡುತ್ತಾರೆ, ಆದರೆ ಅಲ್ಲಿ ವಾರದಲ್ಲಿ ಒಂದು ಗಂಟೆ ದುಡಿದಿದ್ದರೂ ಸಾಕು. ಆ ಪ್ರಕಾರ ಅದೇ ವರ್ಷದ ದರ ಶೇ 5ರ ಆಸುಪಾಸಿಗೆ ಏರುತ್ತದೆ. 15ರಿಂದ 29 ವರ್ಷದವರನ್ನು ಮಾತ್ರ ತೆಗೆದುಕೊಂಡರೆ ಸಾಮಾನ್ಯ ಸ್ಥಿತಿಯ ಅಳತೆಯಲ್ಲೇ ದರ ಶೇ 10.2. ನಿಮ್ಮ ವಿದ್ಯಾರ್ಥಿಗಳು ಓಣಿಯಲ್ಲಿ ಕಾಣುತ್ತಿರುವುದು ಬಹುಪಾಲು ಈ ವಯಸ್ಸಿನವರನ್ನು.

ಪಾಠದಲ್ಲಿ ಇನ್ನೊಂದು ಮಾತನ್ನು ದಯವಿಟ್ಟು ಒತ್ತಿ ಹೇಳಿ. ಕಡುಬಡವರಿಗೆ ನಿರುದ್ಯೋಗಿಯಾಗಿ ಕೂರುವ ಶಕ್ತಿಯೇ ಇರುವುದಿಲ್ಲ. ಸಂಜೆ ಒಲೆ ಹೊತ್ತಬೇಕಾದವರು ಸಿಕ್ಕಿದ ಕೂಲಿಗೆ ಹೋಗುತ್ತಾರೆ, ಹೋದ ಕೂಡಲೇ ಅಂಕಿಅಂಶದಲ್ಲಿ ಉದ್ಯೋಗಸ್ಥರಾಗುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಪ್ರಕಟಿಸಿದ ಭಾರತದ ಉದ್ಯೋಗ ವರದಿಯ ಪ್ರಕಾರ 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4 ಇದ್ದರೆ, ಪದವೀಧರ ಯುವಜನರಲ್ಲಿ ಅದು ಶೇ 29.1. ಓದದವರು ಸುಖವಾಗಿದ್ದಾರೆ ಎಂದು ಇದರಿಂದ ತಿಳಿಯುವುದು ದೊಡ್ಡ ತಪ್ಪು. ಅರ್ಥಶಾಸ್ತ್ರಜ್ಞ ಎಂ.ಎಲ್. ದಾಂತವಾಲಾ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ 1970ರಲ್ಲೇ, ನಮ್ಮಂಥ ದೇಶದ ನಿರುದ್ಯೋಗವನ್ನು ಒಂದೇ ಒಟ್ಟು ಸಂಖ್ಯೆಯಲ್ಲಿ ಹಿಡಿದಿಡುವುದು ಸರಿಯಲ್ಲ ಎಂದಿತ್ತು. ಮಕ್ಕಳಿಗೆ ಒಂದು ಅಭ್ಯಾಸ ಕೊಡಿ: ಆ ಹತ್ತು ಮಂದಿಯನ್ನು ಗೌರವದಿಂದ ಮಾತನಾಡಿಸಿ, ಕಳೆದ ವರ್ಷ ಎಷ್ಟು ದಿನ ದುಡಿದರು, ಕಳೆದ ವಾರ ಏನು ಮಾಡಿದರು, ಈಗ ಕೆಲಸ ಹುಡುಕುತ್ತಿದ್ದಾರೆಯೇ ಎಂದು ಕೇಳಿಕೊಂಡು ಬರಲಿ. ಹತ್ತರಲ್ಲಿ ಎಷ್ಟು ಮಂದಿ ಸರ್ಕಾರಿ ಲೆಕ್ಕದ ನಿರುದ್ಯೋಗಿಗಳೆಂದು ಅವರೇ ಕಂಡುಕೊಳ್ಳುತ್ತಾರೆ.

ಪ್ರಶ್ನೆ: ನನಗೆ ಮೂರು ಎಕರೆ ಖುಷ್ಕಿ ಜಮೀನು, ಮೆಕ್ಕೆಜೋಳ ಬೆಳೆಯುತ್ತೇನೆ. ಇಬ್ಬರು ಗಂಡುಮಕ್ಕಳು ಬಿ.ಎ. ಮುಗಿಸಿ ಮನೆಗೆ ಬಂದಿದ್ದಾರೆ. ಕೇಳಿದವರಿಗೆಲ್ಲ ‘ಒಕ್ಕಲುತನ ಮಾಡ್ಕೊಂಡಿದಾರೆ’ ಎನ್ನುತ್ತೇನೆ, ಆದರೆ ಮೂವರಿಗೆ ಸಾಲುವಷ್ಟು ಕೆಲಸ ಹೊಲದಲ್ಲಿಲ್ಲ. ಸರ್ಕಾರದ ಲೆಕ್ಕದಲ್ಲಿ ನನ್ನ ಮಕ್ಕಳು ಏನು? (ರೈತ, ಜಗಳೂರು ತಾಲ್ಲೂಕು)

ಉತ್ತರ: ಸಮೀಕ್ಷೆಯವರು ನಿಮ್ಮ ಮನೆಗೆ ಬಂದರೆ ನಿಮ್ಮನ್ನು ಸ್ವಯಂ ಉದ್ಯೋಗಿ ಎಂದೂ ನಿಮ್ಮ ಮಕ್ಕಳನ್ನು ಕುಟುಂಬದ ದುಡಿಮೆಯಲ್ಲಿ ಸಂಬಳವಿಲ್ಲದೆ ನೆರವಾಗುವವರು ಎಂದೂ ಬರೆದುಕೊಳ್ಳುವ ಸಂಭವವೇ ಹೆಚ್ಚು. ಅಲ್ಲಿಗೆ ಮೂವರೂ ಉದ್ಯೋಗಸ್ಥರು. ಆದರೆ ನೀವು ಪತ್ರದಲ್ಲಿ ಬರೆದಿರುವ ಸಂಕಟವನ್ನು ಅರ್ಥಶಾಸ್ತ್ರ ಬಹಳ ಹಿಂದೆಯೇ ಗುರುತಿಸಿದೆ. ಪಠ್ಯಪುಸ್ತಕಗಳಲ್ಲಿ ಅದು ಮರೆಮಾಚಿದ ನಿರುದ್ಯೋಗ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1936ರಲ್ಲಿ ಈ ಹೆಸರನ್ನು ಬಳಸಿದ್ದು ಕಾರ್ಖಾನೆ ಕೆಲಸ ಕಳೆದುಕೊಂಡು ಸಣ್ಣಪುಟ್ಟ ದುಡಿಮೆಗೆ ಇಳಿದವರನ್ನು ಕುರಿತು. ನಮ್ಮಂಥ ದೇಶಗಳ ಬೇಸಾಯಕ್ಕೆ ಆ ವಿಚಾರವನ್ನು ಅನ್ವಯಿಸಿದವರು ನಂತರದವರು. 1954ರಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಮಂಡಿಸಿದ ಸಿದ್ಧಾಂತವಂತೂ ಹಳ್ಳಿಗಳಲ್ಲಿರುವ ಹೆಚ್ಚುವರಿ ಕೈಗಳ ಮೇಲೆಯೇ ನಿಂತಿದೆ.

ಇದನ್ನು ನಿಮ್ಮ ಹೊಲದಲ್ಲಿಯೇ ನಿಂತು ನೋಡಬಹುದು. ಮುಂಗಾರು ಹದವಾದಾಗ ಹರಗಿ ಬಿತ್ತುವುದು, ಎರಡು ಸಲ ಎಡೆಕುಂಟೆ ಹೊಡೆಯುವುದು, ಕಳೆ ತೆಗೆಯುವುದು, ಮೇಲುಗೊಬ್ಬರ ಹಾಕುವುದು, ಸೈನಿಕ ಹುಳು ಬಿದ್ದರೆ ಔಷಧಿ ಹೊಡೆಯುವುದು, ಕೊನೆಗೆ ತೆನೆ ಮುರಿದು ಯಂತ್ರಕ್ಕೆ ಹಾಕಿಸಿ ಕಣದಲ್ಲಿ ಒಣಗಿಸಿ ಮಾರುವುದು. ಇವುಗಳಲ್ಲಿ ಬಿತ್ತನೆ ಮತ್ತು ತೆನೆ ಮುರಿಯುವ ದಿನಗಳಲ್ಲಿ ಮೂವರೂ ಬೇಕು, ಆಳುಗಳೂ ಬೇಕು. ಉಳಿದ ದಿನಗಳಲ್ಲಿ ಒಬ್ಬ ಮಾಡುವ ಕೆಲಸವನ್ನು ಮೂವರು ಹಂಚಿಕೊಂಡಿರುತ್ತಾರೆ. ನಿಮ್ಮ ಒಬ್ಬ ಮಗ ನಾಳೆ ದಾವಣಗೆರೆಯಲ್ಲಿ ಕೆಲಸ ಹಿಡಿದು ಹೋದರೆ ನಿಮ್ಮ ಇಳುವರಿಯಲ್ಲಿ ಒಂದು ಚೀಲವಾದರೂ ಕಡಿಮೆಯಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ಆ ಮಗನ ದುಡಿಮೆ ಹೊಲದಲ್ಲಿ ವ್ಯರ್ಥವಾಗುತ್ತಿದೆ ಎಂದೇ ಅರ್ಥ. ಅದು ಅವನ ಸೋಮಾರಿತನದಿಂದ ಆದದ್ದಲ್ಲ. 2015–16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಪಾಲು ಆದಂತೆಲ್ಲ ಹೊಲ ಚಿಕ್ಕದಾಗುತ್ತ ಬಂದಿದೆ, ಅದರಲ್ಲಿ ದುಡಿಯಬೇಕಾದ ಕೈಗಳು ಮಾತ್ರ ಹಾಗೆಯೇ ಉಳಿದಿವೆ.

ದೇಶದ ಮಟ್ಟದಲ್ಲಿಯೂ ಇದೇ ಕತೆ. 2023–24ರಲ್ಲಿ ದುಡಿಯುವವರಲ್ಲಿ ಶೇ 46ರಷ್ಟು ಜನ ಕೃಷಿಯಲ್ಲಿದ್ದರು. ದೇಶದ ಉತ್ಪಾದನೆಯಲ್ಲಿ ಕೃಷಿಯ ಪಾಲು ಶೇ 18ರ ಆಸುಪಾಸು. ಆತಂಕದ ವಿಷಯವೆಂದರೆ, 2018–19ರಲ್ಲಿ ಕೃಷಿಯನ್ನು ನೆಚ್ಚಿಕೊಂಡವರು ಶೇ 42.5 ಇದ್ದರು, ಕೊರೊನಾ ಕಾಲದಲ್ಲಿ ಪೇಟೆಯಿಂದ ಊರಿಗೆ ಮರಳಿದವರಲ್ಲಿ ಬಹಳಷ್ಟು ಮಂದಿ ಮತ್ತೆ ಹೋಗದೆ ಆ ಪಾಲು ಏರಿತು. ಬೆಳೆಯುತ್ತಿರುವ ಆರ್ಥಿಕತೆಯಲ್ಲಿ ಜನ ಹೊಲದಿಂದ ಕಾರ್ಖಾನೆ, ಅಂಗಡಿ, ಕಚೇರಿಗಳತ್ತ ಸಾಗಬೇಕು. ನಮ್ಮಲ್ಲಿ ಕೆಲವು ವರ್ಷ ನಡಿಗೆ ಹಿಮ್ಮುಖವಾಯಿತು.

ಇದರ ಜೊತೆಗೇ ಬೆಸೆದುಕೊಂಡಿರುವುದು ಋತುಮಾನದ ನಿರುದ್ಯೋಗ. ರಾಯಚೂರು, ಯಾದಗಿರಿ, ಕೊಪ್ಪಳ ಕಡೆಯ ಖುಷ್ಕಿ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ, ಮುದುಕರ ಬಳಿ ಮಕ್ಕಳನ್ನು ಬಿಟ್ಟು ಬೆಂಗಳೂರಿಗೋ ಗೋವೆಗೋ ಗುಳೆ ಹೋಗುವುದು ಇದರಿಂದಲೇ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ದೋಣಿಯಲ್ಲಿ ದುಡಿಯುವವರು, ಮೀನು ಮಾರುವವರು, ಮಂಜುಗಡ್ಡೆ ಕಾರ್ಖಾನೆಯವರು ಎಲ್ಲರ ಕೈಯೂ ಖಾಲಿ. ಕಾಫಿ ತೋಟದಲ್ಲಿ ಹಣ್ಣು ಕೊಯ್ಯುವ ದಿನಗಳಲ್ಲಿ ಆಳು ಸಿಗುವುದಿಲ್ಲ, ಕೊಯ್ಲು ಮುಗಿದ ಮೇಲೆ ಅಷ್ಟು ಆಳಿಗೆ ಕೆಲಸವಿರುವುದಿಲ್ಲ. ಬೇಸಗೆಯ ಇಂಥ ಬಿಡುವಿನಲ್ಲಿ ಊರಲ್ಲೇ ಕೂಲಿ ಸಿಗಲಿ ಎಂಬ ಉದ್ದೇಶದಿಂದಲೇ 2005ರಲ್ಲಿ ಉದ್ಯೋಗ ಖಾತರಿ ಕಾಯಿದೆ ಬಂದದ್ದು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂಬ ಕಲಮು ಅದರಲ್ಲಿತ್ತು. ಆದರೆ ಬಿ.ಎ. ಓದಿದ ನಿಮ್ಮ ಮಕ್ಕಳಿಗೆ ಮಣ್ಣಿನ ಕೆಲಸದಿಂದ ಬೇಸಗೆ ಕಳೆಯಬಹುದೇ ಹೊರತು ಬದುಕು ಕಟ್ಟಲಾಗದು. ಅವರಿಗೆ ಬೇಕಾದದ್ದು ತಾಲ್ಲೂಕು ಕೇಂದ್ರದಲ್ಲಿಯೇ ಸಿಗುವ ಕೃಷಿಯೇತರ ಕೆಲಸ. ಮೆಕ್ಕೆಜೋಳ ಬೆಳೆಯುವ ಊರಿನಲ್ಲಿ ಅದನ್ನು ಒಣಗಿಸುವ, ಸಂಗ್ರಹಿಸುವ, ಕೋಳಿ ಆಹಾರವಾಗಿಸುವ ಘಟಕಗಳು ಏಕೆ ಸಾಕಷ್ಟಿಲ್ಲ ಎಂಬ ಪ್ರಶ್ನೆಯನ್ನು ನೀವು ನಿಮ್ಮ ಜನಪ್ರತಿನಿಧಿಗಳಿಗೆ ಕೇಳಬೇಕು, ನಾವೂ ಕೇಳುತ್ತೇವೆ.

ಪ್ರಶ್ನೆ: ಘರ್ಷಣಾತ್ಮಕ, ರಚನಾತ್ಮಕ, ಆವರ್ತಕ ನಿರುದ್ಯೋಗ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ಆದರೆ ವ್ಯತ್ಯಾಸ ಮನಸ್ಸಿಗೆ ನಿಲ್ಲುತ್ತಿಲ್ಲ. ನಮ್ಮ ರಾಜ್ಯದ ಉದಾಹರಣೆಗಳಿಂದ ತಿಳಿಸುತ್ತೀರಾ? (ಬಿ.ಕಾಂ. ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಘರ್ಷಣಾತ್ಮಕ ನಿರುದ್ಯೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವಿನ, ಅಥವಾ ಕಾಲೇಜು ಮುಗಿದು ಮೊದಲ ಕೆಲಸ ಸಿಗುವವರೆಗಿನ ಕೆಲವು ವಾರಗಳ ಬಿಡುವು ಅದು. ಕೆಲಸವಿದೆ, ಕೆಲಸ ಬಲ್ಲವರೂ ಇದ್ದಾರೆ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಲು ಸಮಯ ಹಿಡಿಯುತ್ತದೆ, ಅಷ್ಟೇ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ 1959ರ ಕಾಯಿದೆ ಈ ಅಂತರವನ್ನು ತಗ್ಗಿಸಲೆಂದೇ ಬಂದದ್ದು.

ರಚನಾತ್ಮಕ ನಿರುದ್ಯೋಗ ಹೆಚ್ಚು ಕ್ರೂರವಾದದ್ದು, ಅದನ್ನು ತಿಳಿಯಲು ಕೋಲಾರದ ಚಿನ್ನದ ಗಣಿಯನ್ನು ನೆನೆಯಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕೆಲಸ ಶುರುಮಾಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದದ್ದು ಆ ಗಣಿಗಳಿಗಾಗಿ. ಚಾಂಪಿಯನ್ ರೀಫ್ ಗಣಿ ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದ ಬಿಸಿಯಲ್ಲಿ ಬಂಡೆ ಕೊರೆಯುವುದು, ಸಿಡಿಮದ್ದು ತುಂಬುವುದು, ಕುಸಿಯದಂತೆ ಆಸರೆ ಕಟ್ಟುವುದು, ಬಂಡೆ ಸಿಡಿಯುವ ಮುನ್ಸೂಚನೆಯನ್ನು ಸದ್ದಿನಿಂದಲೇ ಹಿಡಿಯುವುದು, ಇವೆಲ್ಲ ತಲೆಮಾರುಗಳಿಂದ ಕೈಗೆ ಬಂದ ವಿದ್ಯೆಗಳು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ತೆಗೆಯುವ ಖರ್ಚು ಏರುತ್ತ ಹೋಗಿ 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಮರುದಿನ ಆ ಕಾರ್ಮಿಕರ ಶಕ್ತಿ ಕುಂದಿರಲಿಲ್ಲ, ಕುಶಲತೆ ಮಾಸಿರಲಿಲ್ಲ. ಆದರೆ ಆ ಕುಶಲತೆಯನ್ನು ಕೊಳ್ಳುವವರು ಸುತ್ತಮುತ್ತ ಯಾರೂ ಇರಲಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ನಸುಕಿನಲ್ಲೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ದುಡಿದು ರಾತ್ರಿ ಮನೆ ಸೇರುತ್ತಾರೆ. ಊರಿಗೆ ಊರೇ ಒಂದೇ ಉದ್ದಿಮೆಯನ್ನು ನಂಬಿದ್ದಾಗ ಅದರ ಬಾಗಿಲು ಮುಚ್ಚಿದರೆ ಎರಡು ತಲೆಮಾರು ಅದರ ಬೆಲೆ ತೆರುತ್ತವೆ. ತಂತ್ರಜ್ಞಾನ ಬದಲಾದಾಗಲೂ ಹೀಗೆಯೇ ಆಗುತ್ತದೆ: 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿದ ಎಚ್‌ಎಂಟಿ, ಕೀಲಿ ಕೊಡುವ ಗಡಿಯಾರದ ಕಾಲ ಸರಿದು ಕ್ವಾರ್ಟ್ಜ್ ಬಂದ ಮೇಲೆ ಸೋಲುತ್ತ ಹೋಯಿತು, 2016ರಲ್ಲಿ ಕೇಂದ್ರ ಸರ್ಕಾರ ಅದರ ಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು.

ಆವರ್ತಕ ನಿರುದ್ಯೋಗದಲ್ಲಿ ಕುಶಲತೆಗೆ ಬೇಡಿಕೆ ಶಾಶ್ವತವಾಗಿ ಹೋಗಿರುವುದಿಲ್ಲ. ಇಡೀ ಆರ್ಥಿಕತೆ ಕುಗ್ಗಿದಾಗ ಕೊಳ್ಳುವವರಿಲ್ಲದೆ ಕೆಲಸ ನಿಲ್ಲುತ್ತದೆ, ಚೇತರಿಸಿಕೊಂಡಾಗ ಮರಳುತ್ತದೆ. 2008ರ ಜಾಗತಿಕ ಹಿಂಜರಿತದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ನೇಮಕಾತಿ ನಿಲ್ಲಿಸಿದ್ದು ಇದಕ್ಕೆ ನಿದರ್ಶನ. 2020ರ ಲಾಕ್‌ಡೌನ್‌ನಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗೆ, ನಗರಗಳ ನಿರುದ್ಯೋಗ ದರ ವಾರದ ಅಳತೆಯಲ್ಲಿ ಶೇ 21ರ ಸಮೀಪಕ್ಕೆ ಹಾರಿತ್ತು. ಈ ವ್ಯತ್ಯಾಸ ಪರೀಕ್ಷೆಗಷ್ಟೇ ಅಲ್ಲ, ಚಿಕಿತ್ಸೆಗೂ ಮುಖ್ಯ. ಆವರ್ತಕಕ್ಕೆ ಸರ್ಕಾರ ಖರ್ಚು ಹೆಚ್ಚಿಸಿ, ಬಡ್ಡಿ ಇಳಿಸಿ ಬೇಡಿಕೆ ಎಬ್ಬಿಸಬಹುದು. ಕೆಜಿಎಫ್‌ನಲ್ಲಿ ಬಡ್ಡಿ ಇಳಿಸಿದರೆ ಗಣಿ ತೆರೆಯುವುದಿಲ್ಲ. ಅಲ್ಲಿಗೆ ಹೊಸ ಉದ್ದಿಮೆ, ಮರುತರಬೇತಿ ಬರಬೇಕು, ಮತ್ತು ಅವು ಬರುವವರೆಗೆ ಜೀವನಾಧಾರ ಬೇಕು.

ಪ್ರಶ್ನೆ: ನನಗೆ 29 ವರ್ಷ, ಬಿ.ಎಸ್ಸಿ., ಬಿ.ಇಡಿ. ಆಗಿದೆ. ಐದು ವರ್ಷಗಳಿಂದ ಧಾರವಾಡದಲ್ಲಿ ಕೊಠಡಿ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಊರಿಗೆ ಹೋದರೆ ‘ಇನ್ನೂ ಓದೋದ ಮುಗಿದಿಲ್ಲೇನಪಾ’ ಅಂತಾರೆ. ನಾನು ವಿದ್ಯಾರ್ಥಿಯೋ, ನಿರುದ್ಯೋಗಿಯೋ, ಸೋಮಾರಿಯೋ? (ಸ್ಪರ್ಧಾರ್ಥಿ, ಸಪ್ತಾಪುರ, ಧಾರವಾಡ)

ಉತ್ತರ: ಸೋಮಾರಿಯಂತೂ ಖಂಡಿತ ಅಲ್ಲ, ಆ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಸಪ್ತಾಪುರದ ಓದುವ ಕೊಠಡಿಗಳನ್ನು ನೋಡಿದವರಿಗೆ ಅಲ್ಲಿನ ಶ್ರಮ ಗೊತ್ತು: ತಿಂಗಳ ಬಾಡಿಗೆಗೆ ಹಿಡಿದ ಒಂದು ಕುರ್ಚಿ, ಎದುರಿನ ಗೋಡೆಗೆ ಅಂಟಿಸಿದ ಸಂವಿಧಾನದ ವಿಧಿಗಳ ಪಟ್ಟಿ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಖಾನಾವಳಿಯ ರೊಟ್ಟಿ–ಪಲ್ಯದ ಊಟ, ಊರಲ್ಲಿ ಹತ್ತಿಯೋ ಕಡಲೆಯೋ ಮಾರಿದ ಮೇಲೆ ಅಪ್ಪ ಕಳಿಸುವ ಹಣ. ಸಮೀಕ್ಷೆಯವರಿಗೆ ನೀವು ‘ಓದುತ್ತಿದ್ದೇನೆ’ ಎಂದರೆ ಶ್ರಮಬಲದ ಹೊರಗೇ ಉಳಿಯುತ್ತೀರಿ, ‘ಕೆಲಸ ಹುಡುಕುತ್ತಿದ್ದೇನೆ’ ಎಂದರೆ ನಿರುದ್ಯೋಗಿ. ನಿಜದಲ್ಲಿ ನಿಮ್ಮದು ವಿದ್ಯಾವಂತರ ನಿರುದ್ಯೋಗ, ಅದರಲ್ಲೂ ಕಾಯುವಿಕೆಯ ನಿರುದ್ಯೋಗ.

ಹೀಗೆ ಕಾಯುವುದು ತಿಳಿಗೇಡಿತನವೆಂದು ಬೈಯುವವರು ಒಂದು ಸಂಗತಿಯನ್ನು ಗಮನಿಸಬೇಕು. ಸರ್ಕಾರಿ ಹುದ್ದೆಗೂ ಅದೇ ಓದಿಗೆ ಖಾಸಗಿಯಲ್ಲಿ ಸಿಗುವ ಕೆಲಸಕ್ಕೂ ಸಂಬಳದಲ್ಲಿ, ರಜೆಯಲ್ಲಿ, ಭದ್ರತೆಯಲ್ಲಿ, ಊರಲ್ಲಿ ಸಿಗುವ ಮರ್ಯಾದೆಯಲ್ಲಿ ಇರುವ ಅಂತರ ಅಗಾಧ. ಖಾಸಗಿ ಶಾಲೆಯಲ್ಲಿ ಬಿ.ಇಡಿ. ಆದವರಿಗೆ ಕೊಡುವ ಸಂಬಳ ಎಷ್ಟೆಂದು ನಿಮಗೇ ಗೊತ್ತು. ಅಂತರ ಇಷ್ಟು ದೊಡ್ಡದಿರುವಾಗ ಕೆಲವು ವರ್ಷ ಕಾಯುವುದು ಲೆಕ್ಕಾಚಾರದ ನಿರ್ಧಾರವೇ ಹೌದು. ಆದರೆ ಆ ಲೆಕ್ಕಾಚಾರ ಕೈಕೊಡುವುದು ನೇಮಕಾತಿಗೆ ಕಾಲಮಿತಿ ಇಲ್ಲದಿರುವುದರಿಂದ. ರಾಜ್ಯದ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ 2021ರ ಆರಂಭದಲ್ಲಿ ಅಧಿಸೂಚನೆ ಬಂದು, ಅಕ್ಟೋಬರ್‌ನಲ್ಲಿ ಲಿಖಿತ ಪರೀಕ್ಷೆ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ 2024ರ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ತಪ್ಪುಗಳಿಂದ ತುಂಬಿದ್ದ ಕಾರಣ ಆಗಸ್ಟ್‌ನಲ್ಲಿ ಬರೆದವರು ಡಿಸೆಂಬರ್‌ನಲ್ಲಿ ಮತ್ತೆ ಬರೆಯಬೇಕಾಯಿತು. ಕನ್ನಡದಲ್ಲಿ ಓದಿದ ಹಳ್ಳಿಯ ಮಕ್ಕಳಿಗೆ ಕನ್ನಡದ ಪ್ರಶ್ನೆಪತ್ರಿಕೆಯೇ ಅಡ್ಡಿಯಾದದ್ದು ನಮಗೆ ತೀರ ನೋವು ತಂದ ಸಂಗತಿ. ಪ್ರತಿ ವರ್ಷ ನಿಗದಿತ ತಿಂಗಳಲ್ಲಿ ಅಧಿಸೂಚನೆ, ನಿಗದಿತ ತಿಂಗಳಲ್ಲಿ ಫಲಿತಾಂಶ ಎಂಬ ಒಂದು ವೇಳಾಪಟ್ಟಿಗೆ ಸರ್ಕಾರ ಬದ್ಧವಾದರೆ, ಹೆಚ್ಚಿನ ಖರ್ಚಿಲ್ಲದೆ ಸಾವಿರಾರು ಯುವಕರ ಎಷ್ಟೋ ವರ್ಷಗಳು ಉಳಿಯುತ್ತವೆ. ಆಯ್ಕೆಯಾಗದವರೂ ಬೇಗ ತಿಳಿದು ಬೇರೆ ದಾರಿ ಹಿಡಿಯುತ್ತಾರೆ.

ನಿಮಗೆ ನಮ್ಮ ಸಲಹೆ ಇಷ್ಟು: ವಯೋಮಿತಿಯ ಕೊನೆಯ ದಿನವನ್ನೇ ನಿಮ್ಮ ಗಡುವಾಗಿ ಇಟ್ಟುಕೊಳ್ಳಬೇಡಿ. ಇನ್ನೆಷ್ಟು ಪ್ರಯತ್ನ ಎಂಬುದನ್ನು ಈಗಲೇ ಮನೆಯವರೊಂದಿಗೆ ಕುಳಿತು ತೀರ್ಮಾನಿಸಿ. ಓದಿನ ಜೊತೆಗೆ ಅತಿಥಿ ಶಿಕ್ಷಕರಾಗಿಯೋ ಮನೆಪಾಠ ಹೇಳಿಯೋ ಬೋಧನೆಯ ಅನುಭವ ಉಳಿಸಿಕೊಳ್ಳಿ. ಐದು ವರ್ಷದ ಖಾಲಿ ಜಾಗಕ್ಕಿಂತ ಎರಡು ವರ್ಷದ ತರಗತಿಯ ಅನುಭವ ಮುಂದೆ ಯಾವ ಸಂದರ್ಶನದಲ್ಲಿಯೂ ನಿಮ್ಮ ಪರವಾಗಿ ನಿಲ್ಲುತ್ತದೆ.

ಪ್ರಶ್ನೆ: ಎಂ.ಕಾಂ. ಆಗಿದೆ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ, ಈಗ ಮಗುವಿಗೆ ನಾಲ್ಕು ವರ್ಷ. ಹತ್ತಿರದಲ್ಲಿ ಕೆಲಸ ಸಿಕ್ಕಿದರೆ ನಾಳೆಯೇ ಹೋಗುತ್ತೇನೆ, ಆದರೆ ಅರ್ಜಿ ಹಾಕಿಕೊಂಡು ತಿರುಗುತ್ತಿಲ್ಲ. ನಾನು ನಿರುದ್ಯೋಗಿಯಲ್ಲವೇ? (ಗೃಹಿಣಿ, ಬಂಟ್ವಾಳ)

ಉತ್ತರ: ಲೆಕ್ಕದಲ್ಲಿ ಅಲ್ಲ, ನಮ್ಮ ದೃಷ್ಟಿಯಲ್ಲಿ ಹೌದು. ‘ಮನೆಗೆಲಸ’ ಎಂದು ಬರೆಸಿದ ಕೂಡಲೇ ನೀವು ಶ್ರಮಬಲದಿಂದ ಹೊರಬೀಳುತ್ತೀರಿ, ದಿನದಲ್ಲಿ ಎಷ್ಟೇ ಗಂಟೆ ದುಡಿದರೂ. ನಿಮ್ಮ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸು ಉದ್ಯೋಗಸ್ಥೆ. ಅಡಿಕೆ ಸುಲಿಯಲು ಮನೆಯವರಿಗೆ ನೆರವಾಗುವವಳೂ ಕೂಲಿಯಿಲ್ಲದಿದ್ದರೂ ಉದ್ಯೋಗಸ್ಥೆ. ದೇಶದಲ್ಲಿ ಶ್ರಮಬಲದಲ್ಲಿರುವ ಮಹಿಳೆಯರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ ಶೇ 41.7ಕ್ಕೆ ಏರಿದೆ ಎಂಬುದು ಸಂತೋಷದ ಸುದ್ದಿಯಂತೆ ಕಾಣುತ್ತದೆ, ಆದರೆ ಏರಿಕೆಯ ಬಹುಭಾಗ ಹಳ್ಳಿಗಳಲ್ಲಿ ಸ್ವಂತ ದುಡಿಮೆ ಮತ್ತು ಸಂಬಳವಿಲ್ಲದ ಕುಟುಂಬದ ದುಡಿಮೆಯಿಂದ ಬಂದದ್ದು. ತಿಂಗಳ ಸಂಬಳದ ಕೆಲಸ ಆ ವೇಗದಲ್ಲಿ ಹೆಚ್ಚಿಲ್ಲ.

ನಿಮ್ಮಂಥವರ ನಿರುದ್ಯೋಗಕ್ಕೆ ಕಾರಣ ಓದಿನ ಕೊರತೆಯಲ್ಲ. ಮಗುವನ್ನು ನೋಡಿಕೊಳ್ಳುವವರು ಯಾರು, ಕಚೇರಿ ಎಷ್ಟು ದೂರ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬಹುದು ಎಂಬ ಮೂರು ಪ್ರಶ್ನೆಗಳಲ್ಲಿಯೇ ಅದು ಅಡಗಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಹೆಚ್ಚಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ಆದರೆ ಬಂಟ್ವಾಳದಂಥ ಊರಿನಲ್ಲಿ ಲೆಕ್ಕಪತ್ರ ಬಲ್ಲವರಿಗೆ ಸಿಗುವ ಕೆಲಸ ಹೆಚ್ಚಾಗಿ ಇರುವುದು ಐದಾರು ಮಂದಿಯ ಕಚೇರಿ, ಅಂಗಡಿ, ಸಹಕಾರಿ ಸಂಘಗಳಲ್ಲಿ. 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಕೆಲಸ ಹುಡುಕುವ ಖರ್ಚನ್ನು ಎಷ್ಟೋ ಮಹಿಳೆಯರಿಗೆ ಇಳಿಸಿದೆ. ಆದರೆ ಅದು ಸರ್ಕಾರಿ ಬಸ್ಸಿಗಷ್ಟೇ, ನಿಮ್ಮ ಜಿಲ್ಲೆಯಲ್ಲೋ ಓಡಾಟಕ್ಕೆ ಖಾಸಗಿ ಬಸ್ಸುಗಳೇ ಹೆಚ್ಚು. ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳು ಸರಿಯಾಗಿ ನಡೆದು, ಪಟ್ಟಣಗಳಿಗೂ ಬಂದರೆ, ಬೇರೆ ಯಾವ ತರಬೇತಿ ಯೋಜನೆಗಿಂತ ಹೆಚ್ಚು ಓದಿದ ಹೆಣ್ಣುಮಕ್ಕಳು ಕೆಲಸಕ್ಕೆ ಮರಳುತ್ತಾರೆ ಎಂಬುದು ನಮ್ಮ ನಂಬಿಕೆ. ಸದ್ಯಕ್ಕೆ ಜಿಎಸ್‌ಟಿ ವಿವರ ಸಲ್ಲಿಕೆ, ಸಂಘಗಳ ಲೆಕ್ಕ ಬರೆಯುವುದು ಮುಂತಾದ ಕೆಲಸಗಳನ್ನು ಮನೆಯಿಂದ ಆರಂಭಿಸಬಹುದು.

ಪ್ರಶ್ನೆ: ಇಷ್ಟೆಲ್ಲ ಕಾರಣ ಹೇಳುತ್ತೀರಿ, ಜನಸಂಖ್ಯೆ ಮತ್ತು ಯಂತ್ರಗಳೇ ಮೂಲ ಕಾರಣವಲ್ಲವೇ? (ನಿವೃತ್ತ ನೌಕರ, ತುಮಕೂರು)

ಉತ್ತರ: ಜನಸಂಖ್ಯೆಯ ವಾದ ಈಗ ಅಷ್ಟಾಗಿ ನಿಲ್ಲುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ಹುಟ್ಟುವವರ ಸಂಖ್ಯೆ ಆಗಲೇ ತಗ್ಗಿದೆ. ಇಂದು ಕೆಲಸ ಹುಡುಕುತ್ತಿರುವವರು ಎರಡು ದಶಕಗಳ ಹಿಂದೆಯೇ ಹುಟ್ಟಿದವರು, ಅವರು ಬರುತ್ತಾರೆಂಬುದು ಯೋಜನೆ ಮಾಡುವವರಿಗೆ ಮೊದಲೇ ತಿಳಿದಿತ್ತು. ಯಂತ್ರಗಳ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ಗಂಗಾವತಿ, ಸಿಂಧನೂರು ಸೀಮೆಗೆ ಭತ್ತದ ಕಟಾವು ಯಂತ್ರ ಬಂದ ಮೇಲೆ ಕೊಯ್ಲಿನ ಕೂಲಿ ಇಲ್ಲವಾಯಿತು. ಕೃತಕ ಬುದ್ಧಿಮತ್ತೆ ಈಗ ಕಚೇರಿಯ ಆರಂಭಿಕ ಹಂತದ ಕೆಲಸಗಳನ್ನು ಮುಟ್ಟತೊಡಗಿದೆ. ಯಂತ್ರ ಹೊಸ ಕೆಲಸವನ್ನೂ ಹುಟ್ಟಿಸುತ್ತದೆ, ಆದರೆ ಸಾಮಾನ್ಯವಾಗಿ ಬೇರೆ ಊರಿನಲ್ಲಿ, ಬೇರೆ ವಿದ್ಯೆ ಬಲ್ಲವರಿಗೆ. ನಮ್ಮ ರಾಜ್ಯದಲ್ಲಿ ಆ ‘ಬೇರೆ ಊರು’ ಬಹುಮಟ್ಟಿಗೆ ಬೆಂಗಳೂರು ಒಂದೇ. ರಾಜ್ಯದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತ್ತು. ಮೂಲ ಕಾರಣಗಳ ಪಟ್ಟಿಯಲ್ಲಿ ನಾವು ಈ ಅಸಮತೋಲನವನ್ನು ಜನಸಂಖ್ಯೆಗಿಂತ ಬಹಳ ಮೇಲೆ ಇಡುತ್ತೇವೆ.

ಪ್ರಶ್ನೆ: ನನ್ನ ಮಗನಿಗೆ ಯುವನಿಧಿ ಹಣ ಬರುತ್ತಿದೆ. ಇದರಿಂದ ಮಕ್ಕಳು ಮೈಗಳ್ಳರಾಗುತ್ತಾರೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ನಿಮ್ಮ ಅಭಿಪ್ರಾಯವೇನು? (ತಾಯಿ, ಯಾದಗಿರಿ)

ಉತ್ತರ: ಅಮ್ಮಾ, ನೆಂಟರ ಮಾತಿಗೆ ಕುಗ್ಗಬೇಡಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಅದೂ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ, ಹೆಚ್ಚೆಂದರೆ ಎರಡು ವರ್ಷ. ಮೂರು ಸಾವಿರದಲ್ಲಿ ಯಾರೂ ಜೀವನ ಸಾಗಿಸಲಾರರು. ಅರ್ಜಿ ಶುಲ್ಕ, ಸಂದರ್ಶನಕ್ಕೆ ಕಲಬುರಗಿಗೋ ಬೆಂಗಳೂರಿಗೋ ಹೋಗಿಬರುವ ಖರ್ಚು, ಮೊಬೈಲ್ ಡೇಟಾ, ಇವಕ್ಕೆ ಅಪ್ಪ–ಅಮ್ಮನ ಮುಂದೆ ಕೈಚಾಚುವ ಸಂಕೋಚವನ್ನು ಅದು ತಪ್ಪಿಸುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಅದು ಹುಡುಕಾಟಕ್ಕೆ ಊರುಗೋಲಾಗಬಲ್ಲದು, ಕೆಲಸವನ್ನು ಸೃಷ್ಟಿಸಲಾರದು. ಘರ್ಷಣಾತ್ಮಕ ನಿರುದ್ಯೋಗಕ್ಕೆ ಇಂಥ ಭತ್ಯೆ ಒದಗುತ್ತದೆ. ಕಲಿತ ವಿದ್ಯೆಗೆ ಜಿಲ್ಲೆಯಲ್ಲಿ ಬೇಡಿಕೆಯೇ ಇಲ್ಲದಿದ್ದರೆ ಎರಡು ವರ್ಷದ ನಂತರವೂ ಪರಿಸ್ಥಿತಿ ಇದ್ದಂತೆಯೇ ಇರುತ್ತದೆ.

ಆದ್ದರಿಂದ ಈ ಎರಡು ವರ್ಷವನ್ನು ಕೈಕೆಲಸವೊಂದನ್ನು ಕಲಿಯಲು ಬಳಸಿಕೊಳ್ಳಲಿ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಗ್ರಾಮೀಣ ಯುವಕರಿಗೆ ಊಟ–ವಸತಿ ಸಹಿತ ಉಚಿತವಾಗಿ ಸ್ವಯಂ ಉದ್ಯೋಗ ತರಬೇತಿ ಕೊಡುತ್ತ ಬಂದಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದಾದ್ಯಂತ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಕೇಂದ್ರಗಳನ್ನು ನಡೆಸುತ್ತಿವೆ. ಮೋಟಾರ್ ರಿಪೇರಿ, ಮೊಬೈಲ್ ರಿಪೇರಿ, ಹೈನುಗಾರಿಕೆ ಮುಂತಾದ ತರಬೇತಿಗಳ ಬಗ್ಗೆ ನಿಮ್ಮ ಜಿಲ್ಲೆಯ ಅಗ್ರಣಿ ಬ್ಯಾಂಕಿನಲ್ಲಿ ವಿಚಾರಿಸಿದರೆ ಮುಂದಿನ ತಂಡ ಯಾವಾಗ ಆರಂಭವೆಂದು ತಿಳಿಸುತ್ತಾರೆ. ಕಾರ್ಖಾನೆಯ ಕಡೆ ಮನಸ್ಸಿದ್ದರೆ 1961ರ ಅಪ್ರೆಂಟಿಸ್ ಕಾಯಿದೆಯಡಿ ಶಿಷ್ಯವೇತನದೊಂದಿಗೆ ಕಲಿಯುವ ಅವಕಾಶವಿದೆ, ಪದವೀಧರರಿಗೂ ಅದು ತೆರೆದಿದೆ. ತರಬೇತಿಗೆ ಸೇರುವ ಮೊದಲು ಮಗ ಒಂದು ಕೆಲಸ ಮಾಡಲಿ: ಅದೇ ತರಬೇತಿ ಪಡೆದು ಯಾದಗಿರಿಯಲ್ಲಿ ಅಂಗಡಿ ಇಟ್ಟವರೋ ಕೆಲಸ ಹಿಡಿದವರೋ ಇದ್ದರೆ ಅವರನ್ನು ಹುಡುಕಿ, ತಿಂಗಳಿಗೆ ಎಷ್ಟು ಕೈಗೆ ಉಳಿಯುತ್ತದೆ ಎಂದು ನೇರವಾಗಿ ಕೇಳಿಕೊಂಡು ಬರಲಿ.